ಗಾಳಿ ಎತ್ತ ಬೀಸಿದರೂ ಸರಿ

ಗದಗ, ಚಿತ್ರದುರ್ಗದ ಗುಡ್ಡಗಳ ಮೇಲಿನ ಮೂರು ರೆಕ್ಕೆಯ ಗಾಳಿಯಂತ್ರ ಎಲ್ಲರಿಗೂ ಗೊತ್ತು. ನನಗೆ ಇಷ್ಟವಾದದ್ದು ಹೆಸರು ಮಾಡದ ಅದರ ದಾಯಾದಿ, ನೆಟ್ಟಗೆ ನಿಂತ ಕಂಬದ ಸುತ್ತಲೇ ತಿರುಗುವ ಲಂಬ ಅಕ್ಷದ ಯಂತ್ರ. ಗಾಳಿ ಮೂಡಲಿನಿಂದ ಬರಲಿ, ಪಡುವಲಿನಿಂದ ಬರಲಿ, ಅದು ಮುಖ ತಿರುಗಿಸಬೇಕಿಲ್ಲ. ಜನರೇಟರ್ ಬುಡದಲ್ಲೇ ಇಡಬಹುದು. ಕೆಟ್ಟರೆ ಕಂಬ ಹತ್ತುವ ಕೆಲಸವಿಲ್ಲ.

ಫಿನ್ಲೆಂಡಿನ ಸವೋನಿಯಸ್ 1920ರ ದಶಕದಲ್ಲಿ ರೂಪಿಸಿದ ಬಗೆಯಂತೂ ಸೀಳಿದ ಡ್ರಮ್ಮಿನಿಂದಲೂ ಆಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಅದಕ್ಕೆ ಬಟ್ಟೆಯ ಹಾಯಿ ಕಟ್ಟಿ, ನೀರೆತ್ತುವ ಅಗ್ಗದ ಯಂತ್ರ ಮಾಡಿ 1979ರಲ್ಲಿ ಪ್ರಬಂಧ ಪ್ರಕಟಿಸಿದರು. ವಿಮಾನಶಾಸ್ತ್ರ ಬಲ್ಲವರು ಬಾವಿಗಾಗಿ ತಲೆ ಕೆಡಿಸಿಕೊಂಡರಲ್ಲ, ಅದೇ ದೊಡ್ಡದು!

ಕೊರತೆಗಳೂ ಸಣ್ಣವಲ್ಲ. ಒಂದು ಬದಿ ಗಾಳಿಯ ಜೊತೆ ಹೋದರೆ ಇನ್ನೊಂದು ಬದಿ ಎದುರು ಬರಬೇಕು. ದಕ್ಕುವ ಶಕ್ತಿ ಕಡಿಮೆ. ಡೇರಿಯಸ್ ಎಂಬ ಇನ್ನೊಂದು ಬಗೆ ಚುರುಕಾದರೂ ತಾನಾಗಿ ಹೊರಡಲು ತಿಣುಕುತ್ತದೆ, ಸುತ್ತು ಸುತ್ತಿಗೂ ಬದಲಾಗುವ ಒತ್ತಡಕ್ಕೆ ರೆಕ್ಕೆ ದಣಿಯುತ್ತದೆ. ಕೆನಡಾದ ಕ್ಯಾಪ್-ಶಾದಲ್ಲಿ ನಿಂತ ಇದೇ ಬಗೆಯ, 110 ಮೀಟರ್ ಎತ್ತರದ ‘ಎಯೋಲ್’ 1993ರಲ್ಲಿ ಬೇರಿಂಗ್ ಕೆಟ್ಟು ನಿಂತೇಹೋಯಿತು.

ಮನೆಯ ಮಾಳಿಗೆಗೆ ಮೊದಲು ಸೋಲಾರ್ ಸಾಕು. ಆಷಾಢದ ಮೋಡದ ದಿನಗಳಿಗೆ ಅದರ ಜೊತೆಗಾರನಾಗಿ ಈ ಲಂಬ ಯಂತ್ರವನ್ನು ಹಾಕಿಸುವುದಾದರೆ, ಹೇಳಿದ ವ್ಯಾಟ್ ಯಾವ ವೇಗದ ಗಾಳಿಗೆಂದು ಮಾರುವವರನ್ನು ಕೇಳಿರಿ. ವೇಗ ಅರ್ಧವಾದರೆ ಗಾಳಿಯ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ.