ಟ್ಯಾಂಕಿಗೆ ಸುರಿದ ಬಾಟಲಿ ಎಲ್ಲಿಗೆ ತಲುಪುತ್ತದೆ?

ಸರ್ವಿಸ್‌ಗೆ ಬಿಟ್ಟ ಕಾರನ್ನು ಸಂಜೆ ವಾಪಸ್ ತರಲು ಹೋದಾಗ ಬಿಲ್ಲನ್ನೊಮ್ಮೆ ನಿಧಾನವಾಗಿ ಓದಿ ನೋಡಿ. ಆಯಿಲ್, ಫಿಲ್ಟರ್, ಲೇಬರ್ ಚಾರ್ಜುಗಳ ಕೆಳಗೆ ‘ಇಂಜೆಕ್ಟರ್ ಕ್ಲೀನರ್’ ಎಂದೋ ‘ಡಿಕಾರ್ಬನೈಸಿಂಗ್’ ಎಂದೋ ಒಂದು ಸಾಲು ಇರುವುದು ಈಗ ಮಾಮೂಲು. ಇದೇಕೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ಒಳಗೆ ಕಾರ್ಬನ್ ಕಟ್ಟಿರುತ್ತೆ ಸಾರ್, ಕ್ಲೀನ್ ಆದ್ರೆ ಪಿಕಪ್ ಬರುತ್ತೆ, ಮೈಲೇಜೂ ಏರುತ್ತೆ.’ ಒಳಗೆ ಅಂದರೆ ಎಲ್ಲಿ, ಎಷ್ಟು ಕಟ್ಟಿದೆ, ನೋಡಿದವರು ಯಾರು ಎಂದು ಮುಂದಕ್ಕೆ ಕೇಳುವವರು ಕಡಿಮೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೂ ಆನ್‌ಲೈನ್ ಮಳಿಗೆಗಳಲ್ಲೂ ಇದೇ ಭರವಸೆ ಹೊತ್ತ ಬಾಟಲಿಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ.

ಇವೆಲ್ಲ ಮೋಸವೇ? ಅಲ್ಲ. ಹಾಗಾದರೆ ಎಲ್ಲರೂ ಹಾಕಿಸಬೇಕೇ? ಅದೂ ಅಲ್ಲ. ಪೆಟ್ರೋಲಿಗೆ ಬೆರೆಸಿದ ದ್ರವ ಪೆಟ್ರೋಲ್ ಹೋಗುವ ದಾರಿಯಲ್ಲೇ ಹೋಗಬೇಕು, ಅದು ತಾಕುವ ಜಾಗವನ್ನೇ ತೊಳೆಯಬೇಕು. ಈ ಅಡಿಟಿವ್‌ಗಳ ಗುಣವನ್ನೂ ಮಿತಿಯನ್ನೂ ಅಳೆಯಲು ಇದೊಂದು ಮಾತು ಸಾಕು. ಮಾರುವವರು ಗುಣವನ್ನು ಹೇಳುತ್ತಾರೆ, ದಾರಿಯ ವಿಷಯ ಬಿಡುತ್ತಾರೆ.

ಕಾರ್ಬನ್ ತೆಗೆಸುವುದು ನಮಗೆ ಹೊಸತಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಗಾಡಿಗಳನ್ನು ಓಡಿಸಿದವರಿಗೆ ಇದು ಗೊತ್ತು. ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಪೆಟ್ರೋಲಿನ ಜೊತೆ ಆಯಿಲೂ ಉರಿಯುತ್ತದೆ; ಅರ್ಧಂಬರ್ಧ ಉರಿದ ಆಯಿಲ್ ಎಕ್ಸಾಸ್ಟ್ ಪೋರ್ಟಿನಲ್ಲೂ ಸೈಲೆನ್ಸರ್ ಒಳಗೂ ಕಿಟ್ಟವಾಗಿ ಕೂರುತ್ತಿತ್ತು. ಗಾಡಿ ಉಸಿರು ಕಟ್ಟಿದಂತೆ ಓಡತೊಡಗಿದರೆ ಮೆಕ್ಯಾನಿಕ್ ಸೈಲೆನ್ಸರಿನ ಒಳಗೊಳವೆಯನ್ನು ಎಳೆದು ಬೆಂಕಿಗೆ ಹಿಡಿಯುತ್ತಿದ್ದ, ಹೆಡ್ ಬಿಚ್ಚಿ ಪಿಸ್ಟನ್ ತಲೆಯ ಮೇಲಿನ ಕರಿ ಪದರವನ್ನು ಕೆರೆಯುತ್ತಿದ್ದ. ಹಳೇ ಪೇಪರಿನ ಮೇಲೆ ಉದುರಿದ ಕಾರ್ಬನ್ ಗಿರಾಕಿಯ ಕಣ್ಣೆದುರೇ ಬಿದ್ದಿರುತ್ತಿತ್ತು. ಒರಟು ಕೆಲಸ ನಿಜ, ಆದರೆ ಕೊಳೆ ಇತ್ತೇ, ಹೋಯಿತೇ ಎಂಬ ಅನುಮಾನಕ್ಕೆ ಅಲ್ಲಿ ಎಡೆಯಿರಲಿಲ್ಲ. ಇಂದಿನ ಬಾಟಲಿ ಪದ್ಧತಿಯಲ್ಲಿ ಕೊಳೆಯೂ ಕಾಣುವುದಿಲ್ಲ, ಹೋದದ್ದೂ ಕಾಣುವುದಿಲ್ಲ. ಬಿಲ್ಲು ಮಾತ್ರ ಕಾಣುತ್ತದೆ.

ಈಗಿನ ಫೋರ್ ಸ್ಟ್ರೋಕ್ ಪೆಟ್ರೋಲ್ ಇಂಜಿನ್‌ನಲ್ಲಿ ಕೊಳೆ ಕೂರುವ ಜಾಗಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಇಂಜೆಕ್ಟರ್ ಮೂತಿ. ಇಂಜಿನ್ ಆಫ್ ಮಾಡಿದ ಮೇಲೆ ಉಳಿದ ಕಾವಿಗೆ ಅಲ್ಲಿನ ಪೆಟ್ರೋಲಿನ ಪಸೆ ಆರಿ ಅಂಟಾಗುತ್ತದೆ. ಎರಡನೆಯದು ಇನ್‌ಟೇಕ್ ವಾಲ್ವಿನ ಬೆನ್ನು. ವಾಲ್ವ್ ಸೀಲಿನಿಂದ ಜಿನುಗುವ ಆಯಿಲ್, ಕ್ರ್ಯಾಂಕ್‌ಕೇಸಿನಿಂದ ಮರಳಿ ಬರುವ ಆಯಿಲಿನ ಆವಿ ಅಲ್ಲಿ ಸುಟ್ಟು ಗಟ್ಟಿಯಾಗುತ್ತವೆ. ಮೂರನೆಯದು ಪಿಸ್ಟನ್ ತಲೆ ಮತ್ತು ಉರಿಯುವ ಕೋಣೆ. ನಾಲ್ಕನೆಯದು ಪಿಸ್ಟನ್ ರಿಂಗುಗಳ ಸಂದು. ಮನೆಯಿಂದ ಆಫೀಸಿಗೆ ನಾಲ್ಕೈದು ಕಿಲೋಮೀಟರ್, ಅದರಲ್ಲಿ ಅರ್ಧ ಹೊತ್ತು ಸಿಗ್ನಲ್ಲಿನಲ್ಲಿ ನಿಂತೇ ಕಳೆಯುವ ನಗರದ ಕಾರಿನಲ್ಲಿ ಈ ಕೊಳೆ ಬೇಗ ಬೆಳೆಯುತ್ತದೆ. ಇಂಜಿನ್ ಸರಿಯಾಗಿ ಕಾಯುವ ಮೊದಲೇ ಪ್ರಯಾಣ ಮುಗಿದಿರುತ್ತದೆ. ಕೋಣೆಯಲ್ಲಿ ಪದರ ದಪ್ಪವಾದಷ್ಟೂ ಒಳಗಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ, ಪದರ ಕಾವನ್ನೂ ಹಿಡಿದಿಡುತ್ತದೆ. ಆಗ ಘಾಟಿ ಏರುವಾಗ ಕಟಕಟ ಎನ್ನುವ ನಾಕಿಂಗ್ ಶುರುವಾಗುತ್ತದೆ.

ಬಾಟಲಿಯೊಳಗಿನ ರಸಾಯನ ಸುಳ್ಳಲ್ಲ. ಅದರಲ್ಲಿ ಕೆಲಸ ಮಾಡುವ ಅಣುವಿನ ಒಂದು ತುದಿಯಲ್ಲಿ ನೈಟ್ರೋಜನ್ ಇರುತ್ತದೆ, ಅದು ಕೊಳೆಗೆ ಅಂಟುತ್ತದೆ. ಉಳಿದ ಉದ್ದ ಬಾಲ ಪೆಟ್ರೋಲಿನಲ್ಲಿ ಕರಗುತ್ತದೆ. ಸೋಪು ಜಿಡ್ಡನ್ನು ನೀರಿಗೆ ಎಳೆದಂತೆ ಇದು ಕಿಟ್ಟವನ್ನು ಪೆಟ್ರೋಲಿಗೆ ಎಳೆಯುತ್ತದೆ. ಇದರಲ್ಲಿ ಎರಡು ಜಾತಿ ಮುಖ್ಯ. ಪಾಲಿಐಸೋಬ್ಯೂಟಿಲೀನ್ ಅಮೀನ್ ಎಂಬುದು ವಾಲ್ವುಗಳನ್ನು ಶುಚಿಯಾಗಿಡುವುದರಲ್ಲಿ ಗಟ್ಟಿ, ಆದರೆ ಉರಿಯುವ ಕೋಣೆಯಲ್ಲಿ ತಾನೇ ಒಂದಿಷ್ಟು ಪದರ ಬಿಡಬಹುದು. ಪಾಲಿಈಥರ್ ಅಮೀನ್ ಹೆಚ್ಚು ಕಾವು ತಡೆಯುತ್ತದೆ, ಆದ್ದರಿಂದ ಕೋಣೆಯ ಕೊಳೆಯ ಮೇಲೂ ಸ್ವಲ್ಪ ಕೈಯಾಡಿಸುತ್ತದೆ. ಇದು ದುಬಾರಿ. ಅಗ್ಗದ ಅನೇಕ ಬಾಟಲಿಗಳಲ್ಲಿ ಹೆಚ್ಚಿನ ಪಾಲು ಸೀಮೆಎಣ್ಣೆಯಂಥ ದ್ರಾವಕವೇ.

ಶುಚಿಕಾರಕ ಬೆರೆತ ಪೆಟ್ರೋಲಿನ ಪರವಾಗಿ ಗಟ್ಟಿ ಸಾಕ್ಷ್ಯವೂ ಇದೆ. ಅಮೆರಿಕದಲ್ಲಿ 1995ರಿಂದ ಎಲ್ಲ ಪೆಟ್ರೋಲಿಗೂ ಇಂಥ ಅಡಿಟಿವ್ ಕಡ್ಡಾಯವಾಯಿತು. ಅದನ್ನು ಒರೆಗೆ ಹಚ್ಚಲು ಬಿಎಂಡಬ್ಲ್ಯು 318ಐ ಕಾರನ್ನು 16,000 ಕಿ.ಮೀ. ಓಡಿಸಿ, ವಾಲ್ವ್ ಬಿಚ್ಚಿ, ಕೂತ ಕೊಳೆಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗುತ್ತಿದ್ದರು. ಸರಾಸರಿ 100 ಮಿ.ಗ್ರಾಂ ದಾಟಬಾರದು ಎಂಬುದು ಮಿತಿ. ಕನಿಷ್ಠ ನಿಯಮ ಸಾಲದೆಂದು ಬಿಎಂಡಬ್ಲ್ಯು, ಜನರಲ್ ಮೋಟರ್ಸ್, ಹೋಂಡಾ, ಟೊಯೊಟಾ ಸೇರಿ 2004ರಲ್ಲಿ ‘ಟಾಪ್ ಟಿಯರ್’ ಎಂಬ ಮೇಲ್ಮಟ್ಟದ ಮಾನದಂಡ ತಂದವು. ಅಲ್ಲಿನ ವಾಹನ ಮಾಲೀಕರ ಸಂಸ್ಥೆ ಎಎಎ 2016ರಲ್ಲಿ ಪರೀಕ್ಷೆ ಮಾಡಿಸಿದಾಗ, ಸುಮಾರು 6,400 ಕಿ.ಮೀ. ಓಟಕ್ಕೆ ಸಮನಾದ ಅವಧಿಯಲ್ಲಿ ಈ ದರ್ಜೆಯದಲ್ಲದ ಪೆಟ್ರೋಲ್ ಸರಾಸರಿ 19 ಪಟ್ಟು ಹೆಚ್ಚು ಕೊಳೆ ಬಿಟ್ಟಿತ್ತು.

ಆದರೆ ಈ ಸಾಕ್ಷ್ಯ ಯಾವುದರ ಪರ ಎಂದು ಗಮನಿಸಬೇಕು. ದಿನದಿನವೂ ಪೆಟ್ರೋಲಿನಲ್ಲೇ ಹದವಾಗಿ ಬೆರೆತು ಬರುವ ಶುಚಿಕಾರಕದ ಪರ ಇದು. ವರ್ಷಗಟ್ಟಲೆ ಕೂತ ಕೊಳೆಯನ್ನು ಒಂದೇ ಬಾಟಲಿ ಒಂದೇ ಟ್ಯಾಂಕಿನಲ್ಲಿ ಕಿತ್ತುಹಾಕುತ್ತದೆ ಎಂಬುದಕ್ಕೆ ಇದು ಸಾಕ್ಷಿಯಲ್ಲ. ಕಟ್ಟದಂತೆ ಕಾಯುವುದು ಸುಲಭ, ಕಟ್ಟಿದ್ದನ್ನು ಬಿಡಿಸುವುದು ಕಷ್ಟ. ಪಾಲಿಈಥರ್ ಅಮೀನ್ ಸಾಕಷ್ಟಿರುವ ಬಾಟಲಿ ಇಂಜೆಕ್ಟರಿನ ಅಂಟನ್ನು ಬಿಡಿಸಬಲ್ಲದು, ವಾಲ್ವಿನ ಪದರವನ್ನು ಒಂದಿಷ್ಟು ತೆಳುವಾಗಿಸಬಲ್ಲದು. ರಿಂಗಿನ ಸಂದಿನಲ್ಲಿ ಗಟ್ಟಿಗೊಂಡದ್ದರ ವಿಷಯದಲ್ಲಿ ಹೆಚ್ಚಿನ ಆಸೆ ಇಟ್ಟುಕೊಳ್ಳಬಾರದು.

ಇನ್ನು ದಾರಿಯ ಪ್ರಶ್ನೆ. ನಮ್ಮ ರಸ್ತೆಗಳಲ್ಲಿ ಈಗ ಹೆಚ್ಚುತ್ತಿರುವ ಟರ್ಬೊ ಪೆಟ್ರೋಲ್ ಕಾರುಗಳನ್ನೇ ನೋಡಿ. ಹ್ಯುಂಡೈನ ಟಿ-ಜಿಡಿಐ, ಫೋಕ್ಸ್‌ವ್ಯಾಗನ್‌ನ ಟಿಎಸ್‌ಐ, ಮಹೀಂದ್ರಾದ ಎಂಸ್ಟ್ಯಾಲಿಯನ್ ಟಿ-ಜಿಡಿಐ ಇಂಜಿನ್‌ಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೇ ಚಿಮ್ಮುತ್ತದೆ. ಇನ್‌ಟೇಕ್ ವಾಲ್ವಿನ ಬೆನ್ನಿಗೆ ಪೆಟ್ರೋಲ್ ತಾಕುವುದೇ ಇಲ್ಲ. ಈ ಬಗೆಯ ಇಂಜಿನ್‌ಗಳಲ್ಲಿ ಕಾರ್ಬನ್ ಹೆಚ್ಚು ತೊಂದರೆ ಕೊಡುವುದು ಅಲ್ಲೇ. ಟ್ಯಾಂಕಿಗೆ ಎಷ್ಟು ಬಾಟಲಿ ಸುರಿದರೂ ಆ ಜಾಗಕ್ಕೆ ಒಂದು ಹನಿಯೂ ಸೇರದು. ಇಂಜೆಕ್ಟರ್ ಮೂತಿ ಶುಚಿಯಾದರೆ ಅದೇ ಲಾಭ. ವಾಲ್ವಿನ ಬೆನ್ನಿನಲ್ಲಿ ನಿಜವಾಗಿ ಕೊಳೆ ಕಟ್ಟಿದರೆ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದು ಕೆರೆಸಬೇಕು. ಡೀಸೆಲ್ ಗಾಡಿಯ ಕತೆಯೂ ಇದೇ. ಅದರ ಇನ್‌ಟೇಕ್ ದಾರಿಯನ್ನು ಕಟ್ಟುವುದು ಇಜಿಆರ್ ವಾಲ್ವ್ ಮರಳಿ ಕಳಿಸುವ ಹೊಗೆಯ ಮಸಿ ಮತ್ತು ಆಯಿಲಿನ ಆವಿ. ಡೀಸೆಲ್ ಆ ದಾರಿಯಲ್ಲಿ ಹಾಯುವುದೇ ಇಲ್ಲ.

ಬಾಟಲಿಗಿಂತ ಒಂದು ಹೆಜ್ಜೆ ಮುಂದೆ ಹೋದದ್ದು ಯಂತ್ರದ ಡಿಕಾರ್ಬನೈಸಿಂಗ್. ನೀರನ್ನು ವಿದ್ಯುತ್ತಿನಿಂದ ಒಡೆದು ಬಂದ ಹೈಡ್ರೋಜನ್, ಆಕ್ಸಿಜನ್ನನ್ನು ಓಡುತ್ತಿರುವ ಇಂಜಿನ್‌ಗೆ ಪೈಪಿನಲ್ಲಿ ಬಿಡುತ್ತಾರೆ. ಅರ್ಧ ಗಂಟೆಯಲ್ಲಿ ಸೈಲೆನ್ಸರ್ ತುದಿಯಿಂದ ಕರಿ ನೀರು ತೊಟ್ಟಿಕ್ಕುತ್ತದೆ. ‘ನೋಡಿ ಸಾರ್, ಕಾರ್ಬನ್ ಹೊರಗೆ ಬರ್ತಿದೆ’ ಎನ್ನುತ್ತಾರೆ. ಆದರೆ ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ನಿಂತಲ್ಲೇ ಓಡುವ ಇಂಜಿನ್‌ನ ತಣ್ಣಗಿನ ಸೈಲೆನ್ಸರಿನಲ್ಲಿ ಅದರ ಆವಿ ಹನಿಗಟ್ಟಿ, ಅಲ್ಲೇ ಇದ್ದ ಮಸಿಯನ್ನು ತೊಳೆದುಕೊಂಡು ಇಳಿಯುತ್ತದೆ. ಯಂತ್ರ ಜೋಡಿಸದೆ ಚಳಿಗಾಲದ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿಟ್ಟರೂ ಇದೇ ನೀರು ಬೀಳುತ್ತದೆ. ಅದು ವಾಲ್ವ್ ಶುಚಿಯಾದದ್ದಕ್ಕೆ ಪುರಾವೆಯಲ್ಲ.

ಈಗ ಎಥೆನಾಲ್ ಹೆಸರಿನಲ್ಲೂ ಬಾಟಲಿಗಳು ಬಂದಿವೆ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನಿಂದ ಇಳಿದ ಮೈಲೇಜನ್ನು ಮರಳಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಆ ಕೊರತೆಯನ್ನು ಯಾವ ಬಾಟಲಿಯೂ ತುಂಬಲಾರದು. ಹಳೆಯ ರಬ್ಬರ್ ಪೈಪಿಗೆ ಎಥೆನಾಲ್ ಒಗ್ಗದಿದ್ದರೆ ಪೈಪನ್ನೇ ಬದಲಿಸಬೇಕು.

ಅಡ್ಡ ಪರಿಣಾಮವೂ ಇಲ್ಲದಿಲ್ಲ. ಉರಿಯದೆ ಉಳಿದ ಶುಚಿಕಾರಕ ರಿಂಗುಗಳ ಸಂದಿನಿಂದ ಇಳಿದು ಇಂಜಿನ್ ಆಯಿಲಿಗೆ ಸೇರುತ್ತದೆ. ಆದ್ದರಿಂದ ಹಾಕುವುದಾದರೆ ಆಯಿಲ್ ಬದಲಿಸುವ ಹಿಂದಿನ ಟ್ಯಾಂಕಿಗೆ ಹಾಕಬೇಕು. ಆಕ್ಟೇನ್ ಏರಿಸುವ ಹೆಸರಿನಲ್ಲಿ ಬರುವ ಫೆರೋಸೀನ್, ಮ್ಯಾಂಗನೀಸ್ ಬೆರೆತ ಬಾಟಲಿಗಳನ್ನಂತೂ ದೂರವಿಡಿ. ಅವುಗಳ ಲೋಹದ ಬೂದಿ ಸ್ಪಾರ್ಕ್ ಪ್ಲಗ್ಗಿನ ಮೇಲೂ ಕ್ಯಾಟಲಿಟಿಕ್ ಕನ್ವರ್ಟರಿನಲ್ಲೂ ಕೂರುತ್ತದೆ. ಕಾರಿನ ಕೈಪಿಡಿ ಏನು ಹೇಳುತ್ತದೆ ಎಂದೂ ಓದಿ. ಕೆಲವು ತಯಾರಕರು ಹೊರಗಿನ ಅಡಿಟಿವ್ ಬೇಡವೆನ್ನುತ್ತಾರೆ. ಒಳ್ಳೆಯ ಪೆಟ್ರೋಲ್ ಸಿಗದೆ ಇಂಜಿನ್ ತೊಂದರೆ ಕೊಟ್ಟರೆ ಇಂತಿಷ್ಟು ಕಿಲೋಮೀಟರಿಗೊಂದು ಬಾಟಲಿ ಹಾಕಿ ಎನ್ನುವ ಹ್ಯುಂಡೈನಂಥವರೂ ಇದ್ದಾರೆ.

ಒಟ್ಟಿನಲ್ಲಿ ತೀರ್ಪು ಹೀಗೆ. ಹೊಸ ಗಾಡಿಗೆ, ತೊಂದರೆಯಿಲ್ಲದ ಗಾಡಿಗೆ ಈ ಬಾಟಲಿ ಬೇಡ. ಸಾಕಷ್ಟು ಓಡಿದ, ಪೋರ್ಟ್ ಇಂಜೆಕ್ಷನ್ನಿನ (ಪೆಟ್ರೋಲ್ ವಾಲ್ವಿನ ಬೆನ್ನಿಗೆ ಚಿಮ್ಮುವ) ಪೆಟ್ರೋಲ್ ಕಾರು ಅಥವಾ ಬೈಕು ಐಡ್ಲಿಂಗಿನಲ್ಲಿ ಗದಗದ ನಡುಗುತ್ತಿದ್ದರೆ, ಪ್ಲಗ್, ಏರ್ ಫಿಲ್ಟರ್, ಕಾಯಿಲ್ ಸರಿಯಿವೆ ಎಂದು ಖಾತ್ರಿ ಮಾಡಿಕೊಂಡ ಮೇಲೆ, ಪಾಲಿಈಥರ್ ಅಮೀನ್ ಇದೆಯೆಂದು ಸ್ಪಷ್ಟವಾಗಿ ಬರೆದಿರುವ ಒಂದು ಬಾಟಲಿ ಹಾಕಿ ನೋಡಬಹುದು. ಆ ಟ್ಯಾಂಕನ್ನು ಹೆದ್ದಾರಿಯಲ್ಲಿ ಖಾಲಿ ಮಾಡಿದರೆ ಇನ್ನೂ ಒಳ್ಳೆಯದು. ನೇರ ಇಂಜೆಕ್ಷನ್ನಿನ ವಾಲ್ವಿಗೆ, ಡೀಸೆಲ್ಲಿನ ಇನ್‌ಟೇಕಿಗೆ, ಸವೆದ ರಿಂಗಿಗೆ ಇದು ದಂಡದ ಖರ್ಚು.

ಬಂಕಿನಲ್ಲಿ ಸ್ಪೀಡ್, ಪವರ್, ಎಕ್ಸ್‌ಪಿ95 ಎಂದು ಹೆಚ್ಚಿನ ದರಕ್ಕೆ ಪೆಟ್ರೋಲ್ ಮಾರುವ ಕಂಪನಿಗಳು, ಸಾದಾ ಪೆಟ್ರೋಲಿನಲ್ಲೂ ಇದರಲ್ಲೂ ಯಾವ ಶುಚಿಕಾರಕ ಎಷ್ಟಿದೆ ಎಂದು ಪಂಪಿನ ಮೇಲೆ ಬರೆದು ಅಂಟಿಸಬೇಕು. ಆಗ ಬಾಟಲಿ ಬೇಕೋ ಬೇಡವೋ ಎಂಬ ಅರ್ಧ ಪ್ರಶ್ನೆ ಅಲ್ಲೇ ಮುಗಿಯುತ್ತದೆ. ಅಲ್ಲಿಯವರೆಗೆ ಗ್ಯಾರೇಜಿನಲ್ಲಿ ನಾವು ಒಂದು ಹಟ ಹಿಡಿಯಬಹುದು. ಪ್ಲಗ್ ಬಿಚ್ಚಿದ ತೂತಿನಿಂದ ಒಳಗಿಳಿಸಿ ಪಿಸ್ಟನ್ ತಲೆಯನ್ನು ಮೊಬೈಲಿನಲ್ಲಿ ತೋರಿಸುವ ಬೋರ್‌ಸ್ಕೋಪ್ ಕ್ಯಾಮೆರಾ ಈಗ ಅಗ್ಗಕ್ಕೇ ಸಿಗುತ್ತದೆ. ಹಾಕುವ ಮೊದಲು ಒಂದು ಫೋಟೊ, ಹಾಕಿದ ಮೇಲೆ ಒಂದು ಫೋಟೊ ಕೇಳಿ. ಕಾರ್ಬನ್ ತೋರಿಸಲಾಗದವರಿಗೆ ಕಾರ್ಬನ್ ತೆಗೆದ ದುಡ್ಡು ಕೊಡಬೇಕಾಗಿಲ್ಲ.