ವ್ಯಾಟ್ ಹಿಂದೆ ಓಡಬೇಡಿ, ಎತ್ತರಕ್ಕೆ ಹೋಗಿ

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೊ ಬಳಕೆದಾರ) ಆದವರು ಮೊದಲು ಕೇಳುವುದೇ ಇದು: ‘ಸರ್, ಎಷ್ಟು ವ್ಯಾಟಿನ ಸೆಟ್ ತಗೊಳ್ಳಲಿ?’ ಐದು ವ್ಯಾಟ್ ಸಾಕು. ಉಳಿದ ದುಡ್ಡು ಆಂಟೆನಾಕ್ಕೂ ಕೇಬಲ್ಲಿಗೂ ಹೋಗಲಿ.

ಸೆಟ್ಟಿನ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾ ಓಡಾಟಕ್ಕೆ ಅನುಕೂಲ, ಅಷ್ಟೆ. ನಮ್ಮ ಎರಡು ಮೀಟರ್ ಬ್ಯಾಂಡಿನಲ್ಲಿ (144ರಿಂದ 146 ಮೆಗಾಹರ್ಟ್ಸ್) ಕಾಲು ತರಂಗವೆಂದರೆ ಸುಮಾರು 49 ಸೆಂ.ಮೀ. ಅದನ್ನು ಸುರುಳಿ ಸುತ್ತಿ ಗೇಣುದ್ದಕ್ಕೆ ಇಳಿಸಿದರೆ ಶಕ್ತಿ ಸೋರದೆ ಇರುವುದಿಲ್ಲ.

ಮನೆಯಲ್ಲೇ ಒಂದು ಗ್ರೌಂಡ್ ಪ್ಲೇನ್ ಆಂಟೆನಾ ಮಾಡಿಕೊಳ್ಳಿ. ಒಂದು ಎಸ್‌ಒ-239 ಸಾಕೆಟ್, ಐದು ಹಿತ್ತಾಳೆ ಕಡ್ಡಿ. ನಡುವಿನ ಪಿನ್ನಿಗೆ ಒಂದನ್ನು ನೆಟ್ಟಗೆ ಬೆಸೆಯಿರಿ. ನಾಲ್ಕು ಮೂಲೆಯ ತೂತುಗಳಿಗೆ ಉಳಿದವನ್ನು ಬಿಗಿದು 45 ಡಿಗ್ರಿ ಕೆಳಕ್ಕೆ ಬಾಗಿಸಿ. ಹಾಗೆ ಬಾಗಿಸುವುದರಿಂದಲೇ ಆಂಟೆನಾ 50 ಓಮ್ ಕೇಬಲ್ಲಿಗೆ ಹೊಂದುತ್ತದೆ. ನಡುವಿನ ಕಡ್ಡಿ ಮೊದಲು ತುಸು ಉದ್ದವೇ ಇರಲಿ. ಎಸ್‌ಡಬ್ಲ್ಯುಆರ್ ಮೀಟರ್ (ಆ ಹೊಂದಾಣಿಕೆ ಅಳೆಯುವ ಸಾಧನ) ನೋಡುತ್ತ ತುದಿಯನ್ನು ಚೂರುಚೂರೇ ಕತ್ತರಿಸಿ, 1.5ರ ಒಳಗೆ ಬಂದರೆ ಅಲ್ಲಿಗೆ ನಿಲ್ಲಿಸಿ. ಅಂಗಡಿಯ ಎಷ್ಟೋ ಆಂಟೆನಾಗಳಿಗಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ.

ಇನ್ನು ಎತ್ತರ. ಬಯಲಿನಲ್ಲಿ ಆಂಟೆನಾ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಅದರ ದಿಗಂತ ಸುಮಾರು 5 ಕಿ.ಮೀ. ಅದೇ ಆಂಟೆನಾವನ್ನು 16 ಮೀಟರ್ ಎತ್ತರದ ತಾರಸಿಗೆ ಏರಿಸಿದರೆ 16 ಕಿ.ಮೀ. ದಾಟುತ್ತದೆ. ವ್ಯಾಟ್ ಹೆಚ್ಚಿಸಿ ಈ ಲಾಭ ಪಡೆಯಲಾಗದು. ಆದರೆ ತಾರಸಿಯಿಂದ 30 ಮೀಟರ್ ತೆಳು ಆರ್‌ಜಿ-58 ಕೇಬಲ್ ಇಳಿಸಿದರೆ ಶಕ್ತಿಯ ಮುಕ್ಕಾಲು ಪಾಲು ದಾರಿಯಲ್ಲೇ ಖರ್ಚು. ಐದು ವ್ಯಾಟಿನಲ್ಲಿ ಮೇಲೆ ತಲುಪುವುದು ಒಂದು ಚಿಲ್ಲರೆ. ದಪ್ಪನೆಯ ಆರ್‌ಜಿ-213 ಹಾಕಿದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಕೇಳುವಾಗಲೂ ಲೆಕ್ಕ ಇದೇ.

ಇದೆಲ್ಲ ಪರವಾನಗಿ ಇದ್ದವರ ಮಾತು. ಆನ್‌ಲೈನಿನಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಹ್ಯಾಮ್ ಬ್ಯಾಂಡಿನ ಸೆಟ್ಟಿನಲ್ಲಿ ಯಾರು ಬೇಕಾದರೂ ಮಾತಾಡುವಂತಿಲ್ಲ. ಪರವಾನಗಿಯಿಲ್ಲದೆ ಬಳಸಲು 446.0ರಿಂದ 446.2 ಮೆಗಾಹರ್ಟ್ಸಿನ ಕಡಿಮೆ ಶಕ್ತಿಯ ವಾಕಿಟಾಕಿಗಳಿವೆ. ಚಾರಣಕ್ಕೆ, ಮನೆಮಂದಿಗೆ ಅವು ಸಾಕು. ಅವುಗಳ ಆಂಟೆನಾ ಮಾತ್ರ ಮುಟ್ಟಬೇಡಿ: ದೊಡ್ಡದು ಹಾಕಿದರೆ ಹೊರಹೊಮ್ಮುವ ಶಕ್ತಿ ಮಿತಿ ಮೀರಬಹುದು, ಆಗ ವಿನಾಯಿತಿಯೂ ಇರದು.

ಆಂಟೆನಾದ ಹುಚ್ಚು ಹಿಡಿದಿದ್ದರೆ ಹ್ಯಾಮ್ ಪರವಾನಗಿಗಾಗಿ ಎಎಸ್‌ಒಸಿ ಪರೀಕ್ಷೆ ಕಟ್ಟಿ. ಹನ್ನೆರಡು ತುಂಬಿದ ಮಕ್ಕಳೂ ಬರೆಯಬಹುದು. ವಿಯು3 ಎಂದು ಶುರುವಾಗುವ ಕಾಲ್‌ಸೈನ್ ಕೈಗೆ ಬಂದ ಮೇಲೆ ತಾರಸಿ ಹತ್ತಿ.