ಕೆಲಸಕ್ಕೆ ತಕ್ಕ ಗಣಕಭಾಷೆ: ‘ಚಂದ್ರಬಂಡ’ ಎಂಬ ಪದದ ಪರೀಕ್ಷೆ

ಗಣಕಯಂತ್ರಕ್ಕೆ ಆದೇಶ ಬರೆಯಲು ಯಾವ ಭಾಷೆಯನ್ನು ಆರಿಸಬೇಕೆಂಬ ಪ್ರಶ್ನೆಗೆ ಪಠ್ಯಪುಸ್ತಕಗಳು ಕೊಡುವ ಉತ್ತರ ‘ಕೆಲಸಕ್ಕೆ ತಕ್ಕ ಭಾಷೆ’ ಎಂಬುದು. 1957ರ ಫೋರ್ಟ್ರಾನ್ ಗಣಿತಕ್ಕೆಂದೇ ಹುಟ್ಟಿತಷ್ಟೆ. ಈ ಸೂತ್ರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವೇಗವನ್ನೂ ಸ್ಮೃತಿಯ ಮಿತಿಯನ್ನೂ ಮಾತ್ರ ತೂಗಿ ನೋಡುವ ವಾಡಿಕೆ ಕನ್ನಡದ ಕೆಲಸಕ್ಕೆ ಸಾಲದೆಂದು ನಮ್ಮ ಅಭಿಪ್ರಾಯ.

ರಾಯಚೂರು ತಾಲ್ಲೂಕಿನ ಚಂದ್ರಬಂಡ ಎಂಬ ಊರಿನ ಹೆಸರನ್ನೇ ತೆಗೆದುಕೊಳ್ಳೋಣ. ಚಂ, ದ್ರ, ಬಂ, ಡ: ನಾಲ್ಕು ಅಕ್ಷರವೆಂದು ಶಾಲೆಯ ಮಗುವೂ ಹೇಳೀತು. ಯುಟಿಎಫ್-8 ಕ್ರಮದಲ್ಲಿ ಬರೆದ ಈ ಪದದ ಉದ್ದವನ್ನು ಸಿ ಭಾಷೆಯಲ್ಲಿ ಕೇಳಿದರೆ ಬರುವ ಉತ್ತರ 24. ಅದು ಎಣಿಸುವುದು ಬೈಟುಗಳನ್ನು, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. 2008ರ ಪೈಥಾನ್ ಮೂರನೆಯ ಆವೃತ್ತಿ 8 ಎನ್ನುತ್ತದೆ: ವ್ಯಂಜನ ಐದು, ಅನುಸ್ವಾರ ಎರಡು, ಹಲಂತದ ಚಿಹ್ನೆ ಒಂದು. 2014ರಲ್ಲಿ ಬಂದ ಸ್ವಿಫ್ಟ್ ಅನುಸ್ವಾರವನ್ನು ಹಿಂದಿನ ವ್ಯಂಜನಕ್ಕೆ ಸೇರಿಸಿಕೊಂಡರೂ ‘ದ್ರ’ವನ್ನು ಎರಡಾಗಿ ಒಡೆದು 5 ಎನ್ನುತ್ತದೆ. ಮೂರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ. ನಾಲ್ಕು ಎಂದದ್ದು ಒಂದೂ ಇಲ್ಲ.

ಇದು ಪಂಡಿತರ ವಿನೋದವೆಂದು ಯಾರೂ ತಿಳಿಯಬಾರದು. ಗ್ರಾಮಗಳ ಪಟ್ಟಿಯಲ್ಲಿ ಹೆಸರೊಂದಕ್ಕೆ 20 ಬೈಟುಗಳ ಸ್ಥಳವನ್ನು ನಿಗದಿಮಾಡಿದ್ದಾರೆನ್ನೋಣ. ಮಾನ್ವಿ 18 ಬೈಟುಗಳಲ್ಲಿ ಇಡಿಯಾಗಿ ಅಡಗುತ್ತದೆ. ದೇವದುರ್ಗಕ್ಕೆ 24 ಬೇಕು. ಜಿಲ್ಲಾಕೇಂದ್ರವಾದ ರಾಯಚೂರೇ 21 ಬೈಟಾಗಿ ಹೊರಗುಳಿಯುತ್ತದೆ! ಚಂದ್ರಬಂಡವು ‘ಚಂದ್ರಬ’ ಎಂಬಲ್ಲಿಗೆ ತುಂಡಾಗಿ, ಮುಂದೆ ಓದಲಾಗದ ಗುರುತೊಂದು ಉಳಿಯುತ್ತದೆ. ಪೈಥಾನಿನಲ್ಲಿ ಮೊದಲ ಮೂರನ್ನು ಕತ್ತರಿಸಿ ತೆಗೆದರೆ ದೊರೆಯುವುದು ‘ಚಂದ’. ಕೇಳಲು ಚಂದವೇ, ಊರಿನ ಹೆಸರಲ್ಲ. ಒಂದು ಪತ್ರದಲ್ಲಿ ಇಡಿಯ ಹೆಸರೂ ಇನ್ನೊಂದರಲ್ಲಿ ತುಂಡು ಹೆಸರೂ ಇದ್ದರೆ ಕಚೇರಿಗೆ ಅಲೆಯಬೇಕಾದವನು ಆ ಊರಿನ ರೈತ.

ಅಕಾರಾದಿ ಕ್ರಮದಲ್ಲಿಯೂ ಇದೇ ತೊಡಕು. ಯೂನಿಕೋಡಿನಲ್ಲಿ ಳಕಾರವು ವಕಾರಕ್ಕಿಂತ ಮೊದಲಿದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ. ಸಂಕೇತಸಂಖ್ಯೆಯನ್ನೇ ನಂಬಿದರೆ ‘ಬವಣೆ’ಗೆ ಮುಂಚೆ ‘ಬಳೆ’ ಬರುತ್ತದೆ.

ಸಿ ಭಾಷೆಗೂ ಐಸಿಯು ಎಂಬ ಸಿದ್ಧ ಸಂಗ್ರಹವಿದೆಯಲ್ಲ ಎಂದು ಆಕ್ಷೇಪಿಸಬಹುದು. ನಿಜ. ಹೊಲದ ಪಂಪನ್ನು ನಡೆಸುವ ಪುಟ್ಟ ಸಾಧನಕ್ಕೆ ಸಿ ಭಾಷೆಯನ್ನೇ ನಾವೂ ಆರಿಸುತ್ತೇವೆ. ಆದರೆ ಶಬ್ದಸೂಚಿ, ಛಂದಸ್ಸುಗಳ ಕೆಲಸಕ್ಕೆ ಪೈಥಾನ್ ಮೇಲು. ಅಕ್ಷರದ ನಿಯಮವನ್ನು ಸಾಹಿತ್ಯದ ವಿದ್ಯಾರ್ಥಿಯೇ ಅದರಲ್ಲಿ ಬರೆಯಬಲ್ಲನು, ತಿದ್ದಬಲ್ಲನು. ಹಲಂತವನ್ನು ಮುಂದಿನ ವ್ಯಂಜನಕ್ಕೂ ಅನುಸ್ವಾರವನ್ನು ಹಿಂದಿನದಕ್ಕೂ ಕೂಡಿಸುವ ಕೆಲವೇ ಸಾಲುಗಳಿಂದ ಚಂದ್ರಬಂಡ ನಾಲ್ಕು ಅಕ್ಷರವಾಗುತ್ತದೆ. ಆಮೇಲೆ ಪ್ರಸ್ತಾರ ಹಾಕಬಹುದು: ಗುರು, ಲಘು, ಗುರು, ಲಘು, ಒಟ್ಟು 6 ಮಾತ್ರೆ. ಹಳಗನ್ನಡಕ್ಕೆ ಇನ್ನೊಂದು ನಿಯಮ ಬೇಕು. ‘ಪೊನ್’, ‘ಕಣ್’ ಎಂಬಲ್ಲಿ ಪದಾಂತ್ಯದ ವ್ಯಂಜನವು ಹಿಂದಿನ ಅಕ್ಷರಕ್ಕೆ ಸೇರಿ ಅದನ್ನು ಗುರುವಾಗಿಸುತ್ತದೆ.